ಒಂಟಿಕಾಲಿನ ಅಕ್ಷರ

ಐನೂರು ಪ್ರತಿ. ಅಷ್ಟಕ್ಕೇ ದುಡ್ಡಿತ್ತು.
ಉಕ್ಕಿನ ಕಾರ್ಖಾನೆ ಬಾಗಿಲು ಹಾಕುವಾಗ
ಅಪ್ಪನ ಕೈಗಿಟ್ಟ ಪರಿಹಾರದಲ್ಲಿ ಕಾಲುಭಾಗ,
ಹೊಸ ಬಾಯ್ಲರಿಗೆಂದು ಎತ್ತಿಟ್ಟದ್ದು.
ಆ ಚಳಿಗಾಲ ಕಾನ್ಸೆಟ್ಟಿನ ನಮ್ಮ ಮನೆಯಲ್ಲಿ
ಬಾಯಿಂದ ಹೊಗೆ ಬಿಡಲು ಸಿಗರೇಟು ಬೇಕಿರಲಿಲ್ಲ.

ಬ್ಯಾಂಡಿನ ಹೆಸರು ಸ್ಲ್ಯಾಗ್ ಬಿಷಪ್.
ಕಬ್ಬಿಣದ ಕಿಟ್ಟದ ಗುಡ್ಡ, ಮೇಲೊಬ್ಬ ಪಾದ್ರಿ,
ಶಿಲುಬೆಯ ಬದಲು ಕೈಯಲ್ಲಿ ಇಕ್ಕಳ.
ಚಿತ್ರ ಬರೆದವಳು ಡ್ರಮ್ಮರ್ ಕೆಲ್ವಿನ್‌ನ ತಂಗಿ.
ಅವಳಿಗೆ ಬೆರಳು ಬಿಡಿಸಲು ಬರುತ್ತಿರಲಿಲ್ಲ,
ಹಾಗಾಗಿ ಪಾದ್ರಿಗೆ ಕೈಗವಸು.

ಡಬ್ಬಗಳು ಬಂದವು. ಬಿಚ್ಚಿದೆವು.
ಹಿಂಬದಿಯಲ್ಲಿ: ಬಾಸ್ ಗಿಟಾರ್, ಗಾರ್ತ್ ಪೊವೆಲ್.
ನಾನು ರೊವೆಲ್.
ಐನೂರು ಸಲ ನಾನು ಬೇರೆ ಯಾರೋ.

ಅಮ್ಮ ಬೈಯಲಿಲ್ಲ. ಕನ್ನಡಕ ಹಾಕಿಕೊಂಡಳು.
"ಪಿ ಅಂದರೆ ಒಂಟಿಕಾಲಿನ ಆರ್ ತಾನೇ,
ಇನ್ನೊಂದು ಕೊಟ್ಟರಾಯಿತು" ಎಂದು
ನೀಲಿ ಬಾಲ್‌ಪೆನ್ನು ಹಿಡಿದು ಅಡುಗೆಮನೆಯ ಮೇಜಿಗೆ ಕೂತಳು.
ಒಂದೊಂದಕ್ಕೂ ಒಂದು ಓರೆಗೆರೆ.
ನೂರರವರೆಗೆ ಕಾಲು ಗಟ್ಟಿಯಿತ್ತು.
ಇನ್ನೂರೈವತ್ತಕ್ಕೆ ಕುಂಟತೊಡಗಿತು.
ಮುನ್ನೂರು ದಾಟಿದ ಮೇಲೆ ನಿದ್ದೆಗಣ್ಣಲ್ಲಿ
ಪ್ರೊಡ್ಯೂಸರ್ ಎಂಬಲ್ಲಿನ ಪಿಗೂ ಒಂದು ಕಾಲು ಬಂತು.
ತಟ್ಟೆಗಳನ್ನು ಲಕೋಟೆಗೆ ತೂರಿಸುತ್ತಿದ್ದ ಅಪ್ಪ ಅಂದ:
"ಬಿಡೇ, ಅವನೂ ನಡೆಯಲಿ."

ಮಾರಿದ್ದು ಮುನ್ನೂರ ಎಂಬತ್ತು.
ಉಳಿದದ್ದು ಕೆಲ್ವಿನ್‌ನ ಗ್ಯಾರೇಜಿನಲ್ಲಿ ತೇವ ಹಿಡಿದು
ಕೆಲ್ವಿನ್‌ಗಿಂತ ಮೊದಲೇ ಹೋಯಿತು.

ಈಗ, ಮೂವತ್ತೆರಡು ವರ್ಷಕ್ಕೆ,
ಥೆಸಲೋನಿಕಿಯ ಲಾಂಬ್ರೋಸ್ ಎಂಬ ಹುಡುಗ,
ನಾವು ಟೇಪಿಗೆ ಕಿರುಚುವಾಗ ಹುಟ್ಟಿಯೇ ಇರದವನು,
ಮರುಮುದ್ರಣ ತಂದಿದ್ದಾನೆ. ಫೋನಿನ ತುಂಬ ಹಿಗ್ಗು:
"ಎಲ್ಲ ಸರಿಪಡಿಸಿದ್ದೇವೆ, ಮಿಸ್ಟರ್ ರೊವೆಲ್.
ಅಂದು ಟೇಪು ಓಡಿದ್ದೇ ತಪ್ಪು ವೇಗದಲ್ಲಿ,
ಅರ್ಧ ಸ್ವರ ಮೇಲೆ. ಕೇಳಿ, ಇದು ನಿಜವಾದ ನೀವು."

ಸೂಜಿ ಇಟ್ಟೆ.
ನಿಜವಾದ ನಾವು ಇಷ್ಟು ನಿಧಾನವೇ?
ಗಾಜು ಸೀಳುತ್ತಿದ್ದ ಡೆರ್ಮಟ್‌ನ ಚೀತ್ಕಾರ
ಈಗ ತಪ್ಪಿಹೋದ ಬಸ್ಸನ್ನು ಕರೆಯುವ ಗಂಡಸಿನ ಕೂಗು.
ಮೊದಲ ಹಾಡಿಗೆ ಹದಿನಾಲ್ಕು ಸೆಕೆಂಡು ಹೆಚ್ಚು ಆಯಸ್ಸು.
ಕೆಲ್ವಿನ್ ಆ ಹದಿನಾಲ್ಕನ್ನೂ ಬಾರಿಸುತ್ತಲೇ ಇದ್ದ.
ಎರಡು ಸಲ ಕೇಳಿದೆ, ಅದಕ್ಕೆ.

ಹಿಂಬದಿ ತಿರುಗಿಸಿದೆ. ಗಾರ್ತ್ ರೊವೆಲ್.
ಎರಡೂ ಕಾಲು ಅಚ್ಚಿನವೇ.
ಹೆಬ್ಬೆರಳಿನಿಂದ ತಡವಿದೆ,
ಪೆನ್ನು ಒತ್ತಿದ ತಗ್ಗು ಸಿಗಲಿಲ್ಲ.
ನೀಲಿ ಕಾಲಿನ ಹಳೆಯ ಪ್ರತಿಗೆ ಈಗ ನಾನೂರು ಪೌಂಡಂತೆ.
ಪ್ರೊಡ್ಯೂಸರನೂ ನಡೆಯುವ ಪ್ರತಿಗೆ ಕೇಳಿದಷ್ಟು.
ನನ್ನ ಹತ್ತಿರ ಒಂದೂ ಇಲ್ಲ.

ಮೇಜು ಇದೆ.
ಪೆನ್ನು ಅಂಚು ದಾಟಿ ಜಾರಿದ ಕಡೆ
ಮರದ ಮೇಲೆ ಹನ್ನೊಂದು ನೀಲಿ ಗೆರೆ,
ಯಾವ ಅಕ್ಷರಕ್ಕೂ ಸೇರದವು.
ನಿನ್ನೆ ಮೊಮ್ಮಗಳು ಅಲ್ಲೇ ಬೀನ್ಸಿನ ಸಾಸು ಚೆಲ್ಲಿದಳು.
ಬಟ್ಟೆ ತಂದು
ಸುತ್ತ ಒರೆಸಿದೆ.