ಒಣ ಸುರಂಗಕ್ಕೂ ಕೂಲಿ

ಬಾಯಾರಿನ ಗುಡ್ಡದಲ್ಲಿ ನಮ್ಮ ಪ್ರಾರ್ಥನಾಲಯಕ್ಕೆ
ನೀರು ಕೊಡುತ್ತಿದ್ದ ಸುರಂಗ ಕಳೆದ ಆಟಿಯಲ್ಲಿ ಕುಸಿಯಿತು.
ಕಮಿಟಿಯವರು ಬೋರ್‌ವೆಲ್ ಎಂದರು, ದುಡ್ಡು ಸಾಲಲಿಲ್ಲ.
ಹಾಗೆ ಬಂದವನು ಕೊಗ್ಗು ಮಣಿಯಾಣಿ,
ಗಿಡ್ಡ ಹಿಡಿಯ ಪಿಕ್ಕಾಸು, ಒಂದು ಕಟ್ಟು ಮೇಣದ ಬತ್ತಿ,
ಬಾಯ್ತುಂಬ ಎಲೆಯಡಿಕೆ.

ಆ ವಾರ ನನ್ನ ಪಾಠ ಆದಿಕಾಂಡ ಇಪ್ಪತ್ತಾರು.
ಅಪ್ಪ ತೋಡಿಸಿದ ಬಾವಿಗಳು, ಫಿಲಿಷ್ಟಿಯರು ಮಣ್ಣು ತುಂಬಿದ್ದು,
ಮಗ ಇಸಾಕ ಮತ್ತೆ ತೋಡಿಸಿದ್ದು.
ಮೇಜಿನ ಮೇಲೆ ಐದು ವ್ಯಾಖ್ಯಾನ, ಹೀಬ್ರೂ ನಿಘಂಟು,
ಮಾವನವರು ಬಿಟ್ಟುಹೋದ, ಗೆದ್ದಲು ಅರ್ಧ ಓದಿದ ಸತ್ಯವೇದ ಕೋಶ.
ಏಸೆಕ್ ಎಂದರೆ ಜಗಳ. ಸಿಟ್ನಾ ಎಂದರೆ ಹಗೆ.
ರೆಹೋಬೋತ್, ಅಗಲವಾದ ಜಾಗ.
ಹನ್ನೊಂದು ಪುಟ ಬರೆದೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.
ಓದಿಕೊಂಡರೆ
ಗಂಟಲೊಳಗೆ ಮುರಕಲ್ಲಿನ ಹುಡಿ.

ಪುಸ್ತಕ ಮುಚ್ಚಿಟ್ಟು ಹೋಗುವ ಧೈರ್ಯವೂ ನನಗಿಲ್ಲ.
ಒಮ್ಮೆ ಹೋಗಿದ್ದೆ.
ಹೊಸದಾಗಿ ದೀಕ್ಷೆಯಾದ ವರ್ಷ, ರಾತ್ರಿಯಿಡೀ ಮೊಣಕಾಲೂರಿ,
ಆತ್ಮನೇ ಬಾಯಿಗೆ ಮಾತಿಡುವನು ಎಂದು
ಬರಿಗೈಯಲ್ಲಿ ವೇದಿಕೆ ಹತ್ತಿ,
ಮೊರ್ದೆಕೈಯನ್ನು ಎಸ್ತೇರಳ ಗಂಡನಾಗಿಸಿಬಿಟ್ಟೆ.
ಎರಡನೇ ಬೆಂಚಿನಿಂದ ಸಲೋಮಿ ದೊಡ್ಡಮ್ಮ
ಕೆಮ್ಮಿದರು. ಮತ್ತೆ ಕೆಮ್ಮಿದರು.
ಹೊರಗೆ ಕೈಕುಲುಕುವಾಗ ಮೆಲ್ಲಗೆ:
"ಪವಿತ್ರಾತ್ಮನಿಗೆ ಅಷ್ಟೂ ಗೊತ್ತಿಲ್ವಾ ಮಗಾ?"

ಶುಕ್ರವಾರ ಸಂಜೆ ಸುರಂಗದ ಬಾಯಿಗೆ ಚಹಾ ಒಯ್ದೆ.
ಒಳಗಿಂದ ಕುಟ್ಟುವ ಸದ್ದು, ಆಮೇಲೆ ಏನೂ ಇಲ್ಲ.
ಸದ್ದು ನಿಂತಾಗ ಅವನು ಗೋಡೆಗೆ ಅಂಗೈ ಒತ್ತಿ
ಸುಮ್ಮನಿರುತ್ತಾನೆ. ಮತ್ತೆ ಕುಟ್ಟುತ್ತಾನೆ.
ಬತ್ತಿಯ ಉರಿ ಸಣ್ಣಗಾದರೆ ಹೊರಗೆ ಬರುತ್ತಾನೆ,
ಗಾಳಿ ಕುಡಿದು ಒಳಗೆ ಹೋಗುತ್ತಾನೆ.
"ನೀರು ಎಲ್ಲುಂಟು ಅಂತ ಹೇಗೆ ತಿಳಿಯುದು?" ಕೇಳಿದೆ,
ಉಪದೇಶಕ್ಕೊಂದು ದೃಷ್ಟಾಂತ ಸಿಕ್ಕೀತೆಂಬ ಆಸೆಯಲ್ಲಿ.
"ತಿಳಿಯುದಿಲ್ಲ," ಎಂದ. "ಹುತ್ತ ನೋಡುದು, ಮಣ್ಣು ಮೂಸುದು,
ಮತ್ತೆ ತೋಡುದು. ನಲವತ್ತು ಕೋಲು ಹೋದರೂ
ಒಣಗಿದ್ದೇ ಸಿಕ್ಕುದುಂಟು."
"ಆಗ?"
"ಆಗಲೂ ಕೂಲಿ ಕೊಡಬೇಕು. ಮೊದಲೇ ಹೇಳಿದ್ದೇನೆ."

ಚಹಾ ಕುಡಿಯುತ್ತ, ನಾನು ರಾತ್ರಿಯೆಲ್ಲ ಓದುವುದೇನೆಂದು ಕೇಳಿದ.
ಇಸಾಕನ ಕಥೆ ಹೇಳಿದೆ. ಬಾವಿಗಳ ಹೆಸರು,
ಹೆಸರುಗಳ ಅರ್ಥ, ಜಗಳಕ್ಕೆ ಬಂದ ಗೆರಾರಿನವರು.
ತಲೆಯಾಡಿಸಿದ. ನೀರಿನ ಜಗಳ ಅವನಿಗೆ ಹೊಸದಲ್ಲ.
ಆಚೆ ಹೋಗಿ ಉಗುಳಿ ಬಂದು:
"ಬಾವಿಗೆ ಹೆಸರುಂಟು. ತೋಡಿದವರದ್ದು?"

ರಾತ್ರಿ ಐದೂ ಪುಸ್ತಕ ತೆಗೆದೆ.
ಹೀಬ್ರೂವಿನಲ್ಲಿ, ಕನ್ನಡದಲ್ಲಿ, ಅಡಿಟಿಪ್ಪಣಿಯ ಇರುವೆಸಾಲಿನಲ್ಲಿ
ಹುಡುಕಿದೆ. ಇಸಾಕನ ಸೇವಕರು. ಅಷ್ಟೇ.
ತೋಡುತ್ತಾರೆ, ನೀರು ಸಿಕ್ಕಿತು ಎನ್ನುತ್ತಾರೆ, ಹೋಗುತ್ತಾರೆ.
ಎಷ್ಟು ವರ್ಷ ಓದಿದ ಅಧ್ಯಾಯ! ಈ ಗುಂಡಿಯ ಅಂಚಿನಲ್ಲೇ
ನಡೆದು ಹೋಗಿದ್ದೆ, ಬಗ್ಗಿ ನೋಡದೆ.
ದೀಪ ಆರಿಸಿ ಕತ್ತಲಲ್ಲಿ ಕುಳಿತೆ.
ಪ್ರಾರ್ಥನೆ ಎನ್ನಲಾರೆ ಅದನ್ನು.
ಗೋಡೆಗೆ ಅಂಗೈ ಒತ್ತಿದ ಹಾಗೆ ಏನೋ.
ಮಾತು ಯಾವುದೂ ಬರಲಿಲ್ಲ. ತಂಪು ಮಾತ್ರ ತಿಳಿಯಿತು.

ಭಾನುವಾರ ಹದಿನಾಲ್ಕು ಜನ,
ಮಲಯಾಳ ಲಿಪಿಯಲ್ಲಿ ಕನ್ನಡ ಕೀರ್ತನೆ
ಬರೆದುಕೊಂಡು ಹಾಡುವ ಮೂವರು ಹುಡುಗರು ಸೇರಿ.
ಹನ್ನೊಂದು ಪುಟ ಎರಡಾಗಿತ್ತು.
ರೆಹೋಬೋತಿನ ತನಕ ಸರಿಯಾಗಿ ಬಂದೆ.
ತೋಡಿದವರ ಹೆಸರು, ಎಂದು ಹೇಳಿ
ನಿಂತೆ. ಮುಂದಿನ ಸಾಲು ಹಾಳೆಯಲ್ಲಿತ್ತು,
ಓದಲಾಗಲಿಲ್ಲ.
ಕಿಟಕಿಯಾಚೆ ಗುಡ್ಡದೊಳಗಿಂದ ಠಕ್, ಠಕ್.
ಅವನಿಗೆ ಭಾನುವಾರ ರಜೆಯಿಲ್ಲ.
ಸಲೋಮಿ ದೊಡ್ಡಮ್ಮ ಕೆಮ್ಮಲಿಲ್ಲ.
ಅವರ ಅಪ್ಪ ಹಂಚಿನ ಕಾರ್ಖಾನೆಗೆ ಮಣ್ಣು ಅಗೆದವರಂತೆ,
ನನಗದು ಆಮೇಲೆ ತಿಳಿದದ್ದು.

ಇವತ್ತಿಗೆ ಮೂವತ್ತೊಂದು ಕೋಲು.
ನೀರಿಲ್ಲ. ಮಣ್ಣು ಸ್ವಲ್ಪ ಪಸೆ ಎನ್ನುತ್ತಾನೆ,
ನನಗೇನೂ ಕಾಣುವುದಿಲ್ಲ.
ಕಮಿಟಿಯ ಲೆಕ್ಕದ ಪುಸ್ತಕದಲ್ಲಿ
'ಸುರಂಗ ಕೂಲಿ' ಎಂದಷ್ಟೇ ಇದ್ದ ಸಾಲಿಗೆ
ಅವನನ್ನು ಕೇಳಿ ಸೇರಿಸಿದೆ:
ಅಂಬಾಡಿ ಮಣಿಯಾಣಿಯ ಮಗ ಕೊಗ್ಗು.