ಎಳೆದರೆ ಏಳುವ ಗುಂಡಿ

ಹನ್ನೊಂದು ವರ್ಷ ತಿರುಗಿಸಿದ್ದೇ ತಿರುಗಿಸಿದ್ದು.
ಎಡಕ್ಕೆ ಮಬ್ಬು, ಬಲಕ್ಕೆ ಬೆಳಕು.
ಟೋನಿನ ಗುಂಡಿಯ ಬಾಳು ಇಷ್ಟೇ ಅಂದುಕೊಂಡಿದ್ದೆ.

ಇವತ್ತು ಗೋಪಾಳದ ಮನೆಯಲ್ಲಿ, ಮಧ್ಯಾಹ್ನದ ಸೆಕೆಯಲ್ಲಿ
ಹಳೇ ಬನಿಯನ್ನಿನ ತುಂಡು ಹಿಡಿದು
ಮೊನ್ನೆಯ ರಿಸೆಪ್ಷನ್ನಿನ ಬೆವರು ಒರೆಸುತ್ತಿದ್ದೆ.
ಉಗುರು ಗುಂಡಿಯ ಅಡಿಗೆ ಹೋಯಿತು.
ಟಕ್.
ಹೋಯಿತಲ್ಲಪ್ಪ, ಎಂಟುನೂರು ರೂಪಾಯಿ ರಿಪೇರಿ.
ಕಿತ್ತಿರಲಿಲ್ಲ. ಎದ್ದು ನಿಂತಿತ್ತು
ಒಂದು ಅಕ್ಕಿಕಾಳಿನೆತ್ತರ,
ಹಾಜರಿ ಕೂಗಿದಾಗ ಕಡೇ ಬೆಂಚಿನವನು ಎದ್ದ ಹಾಗೆ.

ಮೀಟಿದೆ.
ಜೋನಿಬೆಲ್ಲದ ಹಾಗೆ ಇಳಿಯುತ್ತಿದ್ದ ಗಿಟಾರು
ತೊಳೆದ ಸ್ಟೀಲ್ ಲೋಟವಾಗಿ ಕಲ್ಲಿಗೆ ತಾಗಿತು.
ಸೊರಬ, ಆನವಟ್ಟಿ, ತೀರ್ಥಹಳ್ಳಿ,
ಎಷ್ಟು ಮದುವೆಗೆ ಹೆಗಲ ಮೇಲೆ ಹೊತ್ತಿಲ್ಲ ಇದನ್ನು!
ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಒಳಗಿಂದ ಕುಮುದಿನಿ,
ಉತ್ತರಪತ್ರಿಕೆಯಿಂದ ತಲೆಯೆತ್ತದೆ:
"ಯಾರ್ರೀ ಬಂದಿದ್ದು?"
"ಯಾರೂ ಇಲ್ಲ, ನಾನೇ."
"ನೀವಲ್ಲ ಬಿಡಿ."

ಸ್ಕ್ರೂ ಬಿಚ್ಚಿ ಬೆನ್ನಿನ ಮುಚ್ಚಳ ತೆಗೆದೆ.
ಬೆಸುಗೆಯ ಹನಿಗಳು, ಒಂದು ಹಸಿರು ವೈರು,
ಮರದ ಮೇಲೆ ಪೆನ್ಸಿಲಿನಲ್ಲಿ, ದುಂಡಗೆ:
ಎಳೆದರೆ ಒಂಟಿ.

ಅಂದರೆ, ಜೋಡಿ ಸುರುಳಿಯಲ್ಲಿ ಒಂದು ಮಲಗುತ್ತದೆ,
ಒಂದೇ ಹಾಡುತ್ತದೆ.
ಹಾಡಿನ ಹಿಂದೆಯೇ ಒಂದು ಗುಂಯ್.
ಇಷ್ಟು ದಿನ ಒಂದರ ಗೊಣಗಾಟವನ್ನು
ಇನ್ನೊಂದು ನುಂಗಿಕೊಂಡಿತ್ತು.
ಫ್ರಿಜ್ಜಿನ ಕಡೆ ನಿಂತರೆ ಹೆಚ್ಚು,
ಕಿಟಕಿಯ ಕಡೆ ತಿರುಗಿದರೆ ಕಡಿಮೆ.
ಕಿಟಕಿಯ ಕಡೆ ತಿರುಗಿದೆ.

ಭದ್ರಾವತಿಯ ಪೇಪರ್ ಟೌನಿಗೆ ಫೋನು ಹಚ್ಚಿದೆ, ಲಿಗೋರಿಗೆ.
ಮಾರಿದವನು ಅವನೇ.
ಮಿಲ್ಲಿನ ಸೈರನ್ನಿಗೆ ಶ್ರುತಿ ಕೂಡಿಸಿಕೊಳ್ಳುತ್ತಿದ್ದವನು;
ಸೈರನ್ನು ನಿಂತ ಮೇಲೆ
"ಇನ್ನು ಯಾವುದಕ್ಕೆ ಕೂಡಿಸಲಿ, ತಗೊಂಡ್ಹೋಗು"
ಎಂದು ನಗುತ್ತಲೇ ಕೊಟ್ಟವನು.

"ಒಂದು ಮಾತು ಹೇಳಬಾರದಿತ್ತಾ ಮಾರಾಯ?"
"ಏನು ಹೇಳೋದು? ನಂಗೇ ಗೊತ್ತಿಲ್ಲ.
ಹತ್ತೊಂಬತ್ತು ವರ್ಷ ನುಡಿಸಿದೀನಿ.
ಆ ಪೆನ್ಸಿಲ್ ಅಕ್ಷರ ನಂದಲ್ಲ.
ಎಲ್ಲಿ, ಕೇಳಿಸು."

ಫೋನನ್ನು ಆಂಪ್ಲಿಫೈಯರಿನ ಮುಂದಿಟ್ಟೆ.
ಒತ್ತಿ ಒಮ್ಮೆ, ಎಳೆದು ಒಮ್ಮೆ.
ಆ ಕಡೆ ಬಹಳ ಹೊತ್ತು ಕೆಮ್ಮೂ ಇಲ್ಲ.
ಆಮೇಲೆ,
ನಮ್ಮಿಬ್ಬರ ಮೂವತ್ತು ವರ್ಷವನ್ನು ಬೆರಳು ಮಡಿಸಿ
ಲೆಕ್ಕ ಹಾಕಿದವನ ದನಿಯಲ್ಲಿ:
"ಅದರ ಪಕ್ಕ ಇನ್ನೊಂದಿದೆಯಲ್ಲ,
ಅದನ್ನ ಎಳೆದು ನೋಡಿದ್ಯಾ?"