ಮೂರು ಬೆರಳಿನ ಮೂಡೆ

ಮುಂಡೇವಿನ ಎಲೆಗೆ ಮುಳ್ಳು ಮೂರು ಸಾಲು.
ಎರಡು ಅಂಚಿನಲ್ಲೇ ಕಾಣುತ್ತವೆ,
ಮೂರನೆಯದು ಬೆನ್ನಿನ ನರದಲ್ಲಿ ಅಡಗಿ
ಹೊಸಬರ ಕೈಗೆಂದೇ ಕಾದಿರುತ್ತದೆ.

ಬೋಳಾರದ ವಾರಿಜಕ್ಕನಿಗೆ ಅದರ ಲೆಕ್ಕವಿಲ್ಲ.
ಹೊಳೆಬದಿಯಿಂದ ಹೊತ್ತು ತಂದ ಹೊರೆಯನ್ನು
ಜಗಲಿಗೆ ದೊಪ್ಪನೆ ಹಾಕಿ
ಚೂರಿಯನ್ನೊಮ್ಮೆ ಕಲ್ಲಿಗೆ ಸವರಿ ಎಳೆದರೆ
ಮುಳ್ಳು ಒಂದೇ ದಾರವಾಗಿ ಬರುತ್ತದೆ.
ಆಮೇಲೆ ಕೆಂಡ.
ಎಲೆ ಬಾಡಬೇಕು, ಸುಡಬಾರದು,
ಮಗುವಿನ ಹೊಟ್ಟೆಗಿಡಲು ವೀಳ್ಯದೆಲೆ ಕಾಯಿಸಿದ ಹಾಗೆ, ಅಷ್ಟೇ.
ಹಸಿರು ಹೋಗಿ ಇನ್ನೊಂದು ಹಸಿರು ಬರುತ್ತದೆ,
ಅದರ ಪರಿಮಳ ಮನೆಯಿಡೀ.

ನಾಲ್ಕು ಬೆರಳು ಜೋಡಿಸಿ, ತುದಿಗೆ ಎಲೆ ಸುತ್ತಿ
ತೆಂಗಿನ ಕಡ್ಡಿ ಚುಚ್ಚುವುದು ಎಲ್ಲರ ಅಳತೆ.
ವಾರಿಜಕ್ಕನದು ಮೂರೇ.
ತೋರುಬೆರಳಿನ ಎರಡು ಗೆಣ್ಣು
ಹಂಚಿನ ಕಾರ್ಖಾನೆಯ ಅಚ್ಚಿನಡಿ ಹೋಯಿತು,
ಹತ್ತೊಂಬತ್ತನೇ ವಯಸ್ಸಿಗೆ.
"ಯಾರದೋ ಮಾಡಿನ ಮೇಲೆ ಉಂಟು ಅದು,
ಮಳೆ ತಡೆಯುತ್ತಾ," ಎನ್ನುತ್ತಾಳೆ,
ನಾವು ನಗಬೇಕೋ ಬೇಡವೋ ತಿಳಿಯದ ಹಾಗೆ.

ಅಷ್ಟಮಿಯ ಹಿಂದಿನ ದಿನ ಮಾರ್ಕೆಟ್ಟಿನ ಬದಿಯಲ್ಲಿ
ಕೊಡೆ ಬಿಡಿಸಿ, ಗೋಣಿ ಹಾಸಿ ಕೂತರೆ
"ಎಂತ, ಸಪೂರ ಉಂಟಲ್ಲ ನಿಮ್ಮದು?"
"ಬೇಗ ಬೇಯ್ತದೆ. ಗ್ಯಾಸಿನ ರೇಟು ಗೊತ್ತುಂಟಲ್ಲ?"
ಇಪ್ಪತ್ತೈದರ ಕಟ್ಟಿಗೆ ಒಂದು ಹೆಚ್ಚೇ ಇಡುತ್ತಾಳೆ,
ಆ ಒಂದನ್ನು ಮಾತ್ರ ಬಾಯಿಬಿಟ್ಟು ಎಣಿಸುವುದಿಲ್ಲ.
ನನಗೆ ಗೊತ್ತು. ಕಟ್ಟಿಗೆ ಬಾಳೆನಾರು ಬಿಗಿದವಳು ನಾನು.

ಈ ವರ್ಷ ಕಣ್ಣಿನ ಪೊರೆ ತೆಗೆಸಿದ್ದಾಳೆ.
ಹೊಗೆಯ ಹತ್ತಿರ ಹೋಗಬಾರದು, ಡಾಕ್ಟರು ಬರೆದೇ ಕೊಟ್ಟದ್ದು.
ಕಪ್ಪು ಕನ್ನಡಕ ಹಾಕಿ ಗೋಡೆಗೊರಗಿ
ಸದ್ದಿನಲ್ಲೇ ಕೆಲಸ ನೋಡುತ್ತಾಳೆ:
"ಆ ಎಲೆ ಹರಿಯಿತು. ಬಿಸಾಡು."

ಫ್ಯಾನ್ಸಿ ಅಂಗಡಿಗೆ ರಜೆ ಹಾಕಿ ಬಂದ ಮಗಳು ಹರಿಣಾಕ್ಷಿ,
ಹತ್ತೂ ಬೆರಳು ನೆಟ್ಟಗಿರುವವಳು,
ನಾಲ್ಕನ್ನು ಜೋಡಿಸಿ ಒಂದು ಸುತ್ತು ಹಾಕಿದಳು.
ನೋಡಿದಳು.
ಬಿಚ್ಚಿದಳು.
ಮತ್ತೆ ತೋರುಬೆರಳನ್ನು ಅಂಗೈಗೆ ಮಡಚಿ
ಉಳಿದ ಮೂರಕ್ಕೆ ಎಲೆ ಸುತ್ತಿದಳು,
ಯಾರೂ ಹೇಳದೆ.

ಆ ಮೂಡೆಯನ್ನು ಅಮ್ಮನ ಮಡಿಲಿಗೆ ಹಾಕಿದಾಗ
ವಾರಿಜಕ್ಕ ಒಳಗೆ ಬೆರಳು ತೂರಿಸಿ ತಿರುಗಿಸಿದಳು.
ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.
ಆಮೇಲೆ,
"ಕಡ್ಡಿ ಒಂಚೂರು ಕೆಳಗೆ ಚುಚ್ಚು ಮಾರಾಯ್ತಿ.
ಹಿಟ್ಟು ಸೋರ್ತದೆ."